ರೆಹಾನಾಳ ಜಿಮ್ಮಿನ ಉತ್ತರದ ಬೆಳಕು

ಎಡಭುಜ ಹಿಡಿದುಕೊಂಡದ್ದು ಹಳೆಯ ಕತೆ. ಈ ಸಲ ಬಲಭುಜದ ಸರದಿ. ಒಳ್ಳೆಯ ಫಿಸಿಯೋಥೆರಪಿ ಎಲ್ಲಿದೆ ಎಂದು ವಿಚಾರಿಸಿದಾಗ ಯಾರೋ ಪುಲಿಕೇಶಿನಗರದ, ಅಂದರೆ ನಮ್ಮ ಹಳೆಯ ಫ್ರೇಜರ್ ಟೌನಿನ, ಒಂದು ವಿಳಾಸ ಕೊಟ್ಟರು. ಆಟೋ ಇಳಿದು ತಲೆಯೆತ್ತಿ ನೋಡಿದ ಮೇಲೆಯೇ ಅದು ಯಾವ ಕಟ್ಟಡ ಎಂದು ನನಗೆ ಗೊತ್ತಾದದ್ದು. ಮೊದಲೇ ಗೊತ್ತಿದ್ದರೆ ಬರುತ್ತಿರಲಿಲ್ಲ. ಆದರೆ ಭುಜ ನೋಯುತ್ತಿತ್ತು, ಆಟೋದವನು ಆಗಲೇ ಹೊರಟುಹೋಗಿದ್ದ.

ಕ್ಲಿನಿಕ್ ಇದ್ದದ್ದು ಮೇಲಿನ ಅಂತಸ್ತಿನಲ್ಲಿ. ಕಾಯುವ ಕೋಣೆಯ ಕಿಟಕಿಗೆ ಬ್ಲೈಂಡ್ ಇಳಿಬಿಟ್ಟಿದ್ದರು. ಹಾಡುಹಗಲಿನಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಎದ್ದು ಹೋಗಿ ಬ್ಲೈಂಡಿನ ದಾರ ಎಳೆದೆ. ಕೌಂಟರಿನ ಹುಡುಗಿ ಓಡಿಬಂದಳು.

"ಆಂಟಿ, ಅದು ಹಾಕೇ ಇರ್ಲಿ. ಎದುರುಗಡೆ ರೂಫಲ್ಲಿ ಗ್ಲಾಸ್ ಇದೆಯಲ್ಲ, ಅಲ್ಲಿಂದ ಯಾರಾದ್ರೂ ನೋಡ್ತಾರೆ ಅಂತ ಲೇಡೀಸ್ ಪೇಷೆಂಟ್ಸ್ ಕಂಪ್ಲೇಂಟ್ ಮಾಡ್ತಾರೆ."

"ಆ ಗ್ಲಾಸ್ ಅಲ್ಲಿ ಕೂರಿಸಿದ್ದು ನಾನೇ ಕಣಮ್ಮ" ಎಂದೆ. ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕು ಹೋದಳು. ನಾನು ಕಿಟಕಿಯ ಬಳಿಯೇ ನಿಂತೆ. ಕೆಳಗೆ, ನಡುವೆ ಒಂದಿಷ್ಟು ಖಾಲಿ ಜಾಗ ಬಿಟ್ಟು, ತಗಡಿನ ಚಾವಣಿ. ಚಾವಣಿಯ ನಟ್ಟನಡುವೆ ಮೆಟ್ಟಿಲಿನಂತೆ ಎತ್ತರಿಸಿದ ಭಾಗ, ಅದರಲ್ಲಿ ಉತ್ತರಕ್ಕೆ ಮುಖಮಾಡಿ ನೆಟ್ಟಗೆ ನಿಂತ ಗಾಜುಗಳ ಸಾಲು. ಆ ಗಾಜಿನೊಳಗೆ ನನಗೆ ಏನು ಕಂಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ಗಾಜು ಅಲ್ಲಿಗೆ ಬಂದ ವರ್ಷದ ವಿಷಯವನ್ನು ಮೊದಲು ಹೇಳಬೇಕು.

ಅದು ಅಕ್ಕ ತೀರಿಕೊಂಡ ವರ್ಷ. ನಾವಿಬ್ಬರೂ ಮದುವೆಯಾಗದೆ ಹಲಸೂರಿನ ಹಳೆಯ ಮನೆಯಲ್ಲಿ ಜೊತೆಗಿದ್ದವರು. ದೀಪಾವಳಿಯ ಹೊತ್ತಿಗೆ ಅಕ್ಕ ಹೋದಳು, ಅದಕ್ಕೂ ಸ್ವಲ್ಪ ಮೊದಲು ನಾನು ಕೆಲಸದಿಂದ ನಿವೃತ್ತಳಾಗಿದ್ದೆ. ಊರಿನ ಪೂರ್ವಕ್ಕಿದ್ದ ಒಂದು ದೊಡ್ಡ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಜೀವಮಾನವೆಲ್ಲ ಕಟ್ಟಡಗಳ ಗೆರೆ ಎಳೆದವಳು ನಾನು. ಈಗ ಎಳೆಯಲು ಗೆರೆಯೂ ಇರಲಿಲ್ಲ, ಬೈಯಲು ಅಕ್ಕನೂ ಇರಲಿಲ್ಲ. ಮನೆಯ ಕಿಟಕಿಗಳಿಗೆ ಪರದೆ ಎಳೆದುಕೊಂಡು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದೆ. ಚಳಿಗಾಲ ಮುಗಿಯುವ ಮುನ್ನವೇ ಎಡಗೈ ಮೇಲೇಳದಂತಾಯಿತು. ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಡಾಕ್ಟರು ವ್ಯಾಯಾಮ ಮಾಡಿ ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳುವಂತೆ ಮಾಡಿದವಳು ಪಕ್ಕದ ಮನೆಯ ಫಿಲೋಮಿನಾ. ಶಾಲೆಯಲ್ಲಿ ಟೀಚರು, ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಮಧ್ಯಾಹ್ನದ ಪಾಳಿಯವಳಾದ್ದರಿಂದ ಬೆಳಗಿನ ಹೊತ್ತು ಬಿಡುವಾಗಿರುತ್ತಿದ್ದಳು. "ವಿಶಾಲಕ್ಕಾ, ಸುಮ್ನೆ ಎದ್ದು ಬನ್ನಿ. ಫ್ರೇಜರ್ ಟೌನಲ್ಲಿ ಲೇಡೀಸ್ ಜಿಮ್ ಇದೆ. ಅಲ್ಲಿ ಯಾರೂ ನಿಮ್ಮನ್ನ ನೋಡಲ್ಲ" ಎಂದು ಹೆಚ್ಚುಕಡಿಮೆ ಎಳೆದುಕೊಂಡೇ ಹೋದಳು.

ಯಾರೂ ನೋಡುವುದಿಲ್ಲ ಎಂಬುದು ಅಕ್ಷರಶಃ ನಿಜವಾಗಿತ್ತು. ಮಸೀದಿ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಓಣಿ, ಕೆಳಗೆ ಸೂಟ್‌ಕೇಸು ಮತ್ತು ಸ್ಕೂಲ್ ಬ್ಯಾಗುಗಳ ಅಂಗಡಿ, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಮೇಲೆ ತಗಡು ಹೊದಿಸಿದ ಉದ್ದನೆಯ ಹಾಲು. ಹಿಂದೆ ಅದು ಗಂಡಸರ ಜಿಮ್ ಆಗಿತ್ತು. ಗೋಡೆಗಳಿಗೆ ಕಪ್ಪು ಬಣ್ಣ, ಒಂದು ಗೋಡೆಯ ಮೇಲೆ ಕೆಂಪು ಕಣ್ಣಿನ ಗೊರಿಲ್ಲಾ. ಬೀದಿಯ ಕಡೆಗಿದ್ದ ಕಿಟಕಿಗಳಿಗೆ ಪ್ಲೈವುಡ್ ಹೊಡೆದಿದ್ದರು. ಎರಡೂ ಪಕ್ಕಕ್ಕೆ ಅಂಟಿಕೊಂಡ ಮನೆಗಳು. ಒಳಗೆ ರಬ್ಬರು ಮತ್ತು ಫಿನಾಯಿಲಿನ ವಾಸನೆ, ಗುಂಯ್‌ಗುಡುವ ಟ್ಯೂಬ್‌ಲೈಟು. ಹಗಲು ಹನ್ನೊಂದಕ್ಕೆ ಒಳಗೆ ಹೋದರೆ ಹೊರಗೆ ಹಗಲಿದೆ ಎಂಬುದೇ ಮರೆತುಹೋಗುತ್ತಿತ್ತು. ನನಗಂತೂ ಒಂದು ಕತ್ತಲಿನಿಂದ ಎದ್ದು ಇನ್ನೊಂದು ಕತ್ತಲಿಗೆ ಬಂದಂತಾಗಿತ್ತು.

ಅದನ್ನು ನಡೆಸುತ್ತಿದ್ದವಳು ರೆಹಾನಾ. ಮೂವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಮಾತು ಕಡಿಮೆ. ಗಂಡ ನಡೆಸುತ್ತಿದ್ದ ಜಿಮ್ ಅದು. ಅವನು ಜ್ವರ ಬಂದು ತೀರಿಕೊಂಡ ಮೇಲೆ ತಾನೇ ತರಬೇತಿ ಪಡೆದು, ಗಂಡಸರ ಬದಲು ಹೆಂಗಸರಿಗೆ ಎಂದು ಮತ್ತೆ ಬಾಗಿಲು ತೆಗೆದಿದ್ದಳು. ಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಹಾಲು ಗಂಡನ ಅಣ್ಣ, ಕೆಳಗಿನ ಅಂಗಡಿಯ ಸಲೀಂ ಭಾಯಿಯದು. ಅವರು ಕೆಟ್ಟವರಲ್ಲ. ಆದರೆ ಬ್ಯಾಗುಗಳಿಗೆ ಗೋಡೌನ್ ಇಲ್ಲದೆ ಒದ್ದಾಡುತ್ತಿದ್ದರು. "ಮಳೆಗಾಲದವರೆಗೂ ನೋಡ್ತೀನಮ್ಮ. ಆವಾಗ್ಲೂ ಜನ ಬರ್ಲಿಲ್ಲ ಅಂದ್ರೆ ನಂಗೆ ಹಾಲ್ ಬೇಕು" ಎಂದು ಹೇಳಿಬಿಟ್ಟಿದ್ದರು. ಹಾಲು ಹೋದರೆ ರೆಹಾನಾ ಮಗಳೊಡನೆ ಸಲೀಂ ಭಾಯಿಯ ಮನೆಯ ಅಡುಗೆಕೋಣೆಗೆ ಸೇರಬೇಕಾಗಿತ್ತು. ಯಾರೂ ಅವಳನ್ನು ಹಿಂಸಿಸುತ್ತಿರಲಿಲ್ಲ. ಹಂಗಿನಲ್ಲಿ ಇರಬೇಕಾಗಿತ್ತು, ಅಷ್ಟೇ. ಆ 'ಅಷ್ಟೇ' ಎಂಬುದು ಎಷ್ಟು ದೊಡ್ಡದು ಎಂದು ಹಂಗಿನಲ್ಲಿ ಇದ್ದವರಿಗೆ ಗೊತ್ತು.

ಹೆಂಗಸರು ಬರುತ್ತಿದ್ದರು, ಹೋಗುತ್ತಿದ್ದರು. ಒಂದು ತಿಂಗಳು ಮುಗಿಯುವಷ್ಟರಲ್ಲಿ ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಉಸಿರು ಕಟ್ಟುವುದು, ಮತ್ತೊಬ್ಬಳಿಗೆ ಮನೆಯಲ್ಲಿ ನೆಂಟರು. ರೆಹಾನಾ ಒಂದು ದಿನ ನನ್ನ ಕೈಯನ್ನು ಮೆಲ್ಲಗೆ ಮೇಲೆತ್ತಿಸುತ್ತ ಕೇಳಿದಳು, "ಆಂಟಿ, ನಾನು ಹೇಳಿಕೊಡೋದು ಸರಿ ಇಲ್ವಾ?"

"ನೀನು ಸರಿಯಾಗಿದ್ದೀಯಾ. ಇಲ್ಲಿ ಹಗಲಿಲ್ಲ, ಅದೇ ತೊಂದರೆ" ಎಂದೆ.

ಬೀದಿಯ ಕಿಟಕಿ ತೆಗೆಯುವ ಮಾತೇ ಇರಲಿಲ್ಲ. ಎದುರಿಗೆ ಟೀ ಅಂಗಡಿ. ಅಲ್ಲಿ ಯಾವಾಗಲೂ ನಾಲ್ಕು ಜನ ಗಂಡಸರು ಕುಡಿದ ಲೋಟ ಕೈಯಲ್ಲಿ ಹಿಡಿದೇ ನಿಂತಿರುತ್ತಿದ್ದರು. ಒಳಗಿದ್ದವರು ಬುರ್ಖಾ ಕಳಚಿ ಗೂಟಕ್ಕೆ ತಗುಲಿಹಾಕಿ ಬೆವರಲು ಬಂದ ಹೆಂಗಸರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ನಮ್ಮ ಮನೆಯಲ್ಲೂ ಬೀದಿ ಕಿಟಕಿಯ ಕೆಳಗಿನ ಬಾಗಿಲನ್ನು ಅಕ್ಕ ಒಂದು ದಿನವೂ ತೆಗೆದವಳಲ್ಲ.

ಸಲೀಂ ಭಾಯಿ ತಮಗೆ ತೋಚಿದ ಉಪಾಯ ಮಾಡಿದರು. ಚಾವಣಿಯ ಒಂದು ತಗಡು ತೆಗೆಸಿ ಆ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿಸಿದರು. ಮೊದಲ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತೂವರೆಯ ಹೊತ್ತಿಗೆ ಬಿಸಿಲಿನ ಒಂದು ಚೌಕ ನೆಲದ ಮೇಲೆ ಇಳಿದು ಮೆಲ್ಲಮೆಲ್ಲಗೆ ತೆವಳತೊಡಗಿತು. ಅದು ಬಂದ ಕಡೆಯಿಂದ ಹೆಂಗಸರು ಚಾಪೆ ಎಳೆದುಕೊಂಡು ಓಡಿದರು. ಬೆಂಚಿನ ಮೇಲೆ ಅಂಗಾತ ಮಲಗಿ ಭಾರ ಎತ್ತುತ್ತಿದ್ದ ಫಿಲೋಮಿನಾಳ ಮುಖಕ್ಕೇ ಸೂರ್ಯ ಬಡಿದ. "ಅಯ್ಯೋ ಜೀಸಸ್, ಇದು ಜಿಮ್ಮಾ, ತಂದೂರಿಯಾ?" ಎಂದು ಕೂಗಿ ಎದ್ದು ಕುಳಿತಳು.

ಆಗ ನನ್ನೊಳಗೆ ಸತ್ತು ಮಲಗಿದ್ದ ನಕ್ಷೆಯವಳು ಎದ್ದು ಕುಳಿತಳು. ವ್ಯಾಯಾಮ ಮಾಡುವವರು ಅರ್ಧ ಹೊತ್ತು ಮಲಗಿಕೊಂಡೇ ಇರುತ್ತಾರೆ. ಅವರ ಕಣ್ಣು ಚಾವಣಿಯ ಮೇಲಿರುತ್ತದೆ. ಆಫೀಸಿಗೆ ಸರಿಹೋಗುವ ಬೆಳಕು ಅವರಿಗೆ ಆಗಿಬರುವುದಿಲ್ಲ. ನೆತ್ತಿಯ ಮೇಲಿಂದ ಬಿದ್ದರೆ ಕಣ್ಣು ಚುಚ್ಚುತ್ತದೆ, ಮೈ ಸುಡುತ್ತದೆ. ಬೀದಿಯಿಂದ ಬಂದರೆ ಮಾನ ಹೋಗುತ್ತದೆ. ಬರಬೇಕಾದದ್ದು ಉತ್ತರದಿಂದ, ಎತ್ತರದಿಂದ, ನೆಟ್ಟಗೆ ನಿಂತ ಗಾಜಿನಿಂದ. ನಮ್ಮ ಕಾರ್ಖಾನೆಯ ಚಾವಣಿಯೂ ಹಾಗೆಯೇ ಇತ್ತು, ಗರಗಸದ ಹಲ್ಲುಗಳಂತೆ ಸಾಲುಸಾಲು; ಪ್ರತಿ ಹಲ್ಲಿನ ಉತ್ತರಕ್ಕೆ ಗಾಜು. ಒಳಗೆ ದಿನವಿಡೀ ಒಂದೇ ಹದದ, ನೆರಳಿಲ್ಲದ ಬೆಳಕು. ಅದರ ಕೆಳಗೆ ಓಡಾಡುತ್ತ ಕೂದಲು ಬೆಳ್ಳಗಾದವಳು ನಾನು.

ನಕ್ಷೆ ಬರೆದು ಸಲೀಂ ಭಾಯಿಯ ಅಂಗಡಿಗೆ ಹೋದೆ. ಅವರು ಮೂಗು ಮುರಿದರು. "ಮೇಡಂ, ಇರೋ ರೂಫ್ ಕಿತ್ತು ಮತ್ತೆ ರೂಫಾ? ಟ್ಯೂಬ್‌ಲೈಟ್ ಇನ್ನೆರಡು ಹಾಕ್ಸಿದ್ರೆ ಆಗಲ್ವಾ?"

ಅಷ್ಟರಲ್ಲಿ ಒಬ್ಬ ಗಿರಾಕಿ ನೀಲಿ ಬ್ಯಾಗು ಕೇಳಿದ. ಸಲೀಂ ಭಾಯಿ ಬ್ಯಾಗನ್ನು ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ನಡೆದರು, ಬೆಳಕಿಗೆ ಹಿಡಿದು ತೋರಿಸಿದರು, ವಾಪಸು ಬಂದು ಕುಳಿತರು.

"ಭಾಯ್, ಒಳಗೆ ಅಷ್ಟೊಂದು ಲೈಟ್ ಇದೆಯಲ್ಲ. ಬಾಗಿಲಿಗೆ ಯಾಕೆ ತಗೊಂಡ್ ಹೋದ್ರಿ?" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಮಾಡ್ಸಿ ಮೇಡಂ, ಮಾಡ್ಸಿ."

ಹಾಲಿನ ಉತ್ತರಕ್ಕೆ ಇದ್ದದ್ದು ಒಂದು ಹಳೆಯ ಬಂಗಲೆ. ಹೆಂಚಿನ ಮನೆ, ನಮ್ಮ ಹಾಲಿಗಿಂತ ತಗ್ಗು. ಹಿತ್ತಲಲ್ಲಿ ದೊಡ್ಡದೊಂದು ಮಳೆಮರ. ಕಾಗೆಗಳಿಗೆ ಅನ್ನ ಹಾಕುವ ಒಬ್ಬ ಮುದುಕಿಯ ಹೊರತು ಅಲ್ಲಿ ಯಾರೂ ಇರಲಿಲ್ಲ. ಅದಕ್ಕಿಂತ ಸುರಕ್ಷಿತವಾದ ದಿಕ್ಕು ಇಡೀ ಕಂಟೋನ್ಮೆಂಟಿನಲ್ಲಿ ಸಿಕ್ಕುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಚಾವಣಿಯ ನಡುವನ್ನು ಎತ್ತರಿಸಿ ಗಾಜು ಕೂರಿಸಿದ್ದಾಯಿತು. ಬೇಸಿಗೆಯ ನಡುವಿನಲ್ಲಿ ನಮ್ಮ ಊರಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ. ಕಾರ್ಖಾನೆಯಲ್ಲಿ ಪ್ರತಿ ಮೇ ತಿಂಗಳಲ್ಲಿ ಗಾಜಿಗೆ ಸುಣ್ಣ ಬಳಿಯುತ್ತಿದ್ದುದು ನೆನಪಿದ್ದರಿಂದ ಗಾಜಿನ ಮೇಲೊಂದು ಸಜ್ಜಾ ಹಾಕಿಸಿದೆ. ಗೋಡೆಗಳಿಗೆ ಬಿಳಿ ಬಳಿಸಿದೆವು. ಗೊರಿಲ್ಲಾ ಅಷ್ಟು ಸುಲಭಕ್ಕೆ ಜಗ್ಗಲಿಲ್ಲ, ಎಷ್ಟು ಸಲ ಬಳಿದರೂ ಅದರ ಕೆಂಪು ಕಣ್ಣು ಇಣುಕುತ್ತಲೇ ಇತ್ತು. ಕನ್ನಡಿಗಳನ್ನು ಗಾಜಿಗೆ ಎದುರಾಗದಂತೆ ಪಕ್ಕದ ಗೋಡೆಗೆ, ಆಳೆತ್ತರಕ್ಕೆ ಸರಿಯಾಗಿ ಹಾಕಿಸಿದೆ. ಗಾಜಿಗೆ ಎದುರಾದ ಗೋಡೆಯ ಮೇಲೆ, ಸ್ಟೂಲು ಹತ್ತಿ ಕೈ ಚಾಚಿದರೆ ಸಿಗುವ ಎತ್ತರದಲ್ಲಿ, ಫಿಲೋಮಿನಾ ತನ್ನ ಮನೆಯಿಂದ ತಂದ ಒಂದು ಗಡಿಯಾರ ತೂಗುಹಾಕಿದಳು.

ಆ ಬೇಸಿಗೆಯನ್ನು ಹೇಗೆ ವರ್ಣಿಸಲಿ? ಏನೂ ನಡೆಯಲಿಲ್ಲ, ಬೆಳಕಿತ್ತು ಅಷ್ಟೇ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ ಬಂದ ಹೆಂಗಸರು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಆಕಾಶದಲ್ಲಿ ಮೋಡ ಹಾಯ್ದರೆ ಹಾಲು ಒಂದಿಷ್ಟು ಮಂಕಾಗುತ್ತಿತ್ತು, ಎಲ್ಲರೂ ಒಟ್ಟಿಗೆ ತಲೆಯೆತ್ತುತ್ತಿದ್ದರು. ಮತ್ತೆ ಬೆಳಕಾದರೆ ವ್ಯಾಯಾಮಕ್ಕೆ ಬೀಳುತ್ತಿದ್ದರು. ತಲೆನೋವು ಎಂದು ಯಾರೂ ಹೇಳಲಿಲ್ಲ. ಶಿವಾಜಿನಗರದಿಂದ ಬರುತ್ತಿದ್ದ ಒಬ್ಬಳು ವ್ಯಾಯಾಮ ಮುಗಿದ ಮೇಲೂ ಚಾಪೆಯ ಮೇಲೆ ಸುಮ್ಮನೆ ಮಲಗಿ ಗಾಜಿನ ಆಚೆಯ ಎಲೆಗಳನ್ನು ನೋಡುತ್ತಿದ್ದಳು. ಮನೆಯಲ್ಲಿ ಹಾಗೆ ಮಲಗಲು ಜಾಗವೂ ಇಲ್ಲ, ಹೊತ್ತೂ ಇಲ್ಲ ಎಂದಳು. ಜಿಮ್ ತುಂಬಿತು. ರೆಹಾನಾ ಇನ್ನೊಂದು ಬ್ಯಾಚ್ ಮಾಡಿದಳು. ನನ್ನ ಎಡಗೈ ಮೇಲೆದ್ದಿತು. ಯುಗಾದಿಯ ದಿನ ನನ್ನ ಜಡೆಯನ್ನು ನಾನೇ ಹೆಣೆದುಕೊಂಡೆ. ನನಗೆ ಸಂತೋಷವಾಗಿತ್ತು. ಅಕ್ಕ ಹೋದ ಮೇಲೆ ನಾನು ಆ ಪದವನ್ನು ಬಳಸಿದ್ದು ಅದೇ ಮೊದಲು.

ಆಮೇಲೊಂದು ಬೆಳಿಗ್ಗೆ ಹಾಲಿಗೆ ಕಾಲಿಟ್ಟರೆ ಎಂದಿಗಿಂತ ಹೆಚ್ಚು ಬೆಳಕು. "ಇವತ್ತು ಎಷ್ಟ್ ಚೆನ್ನಾಗಿದೆ ಅಲ್ವಾ ಆಂಟಿ!" ಎಂದು ಎಲ್ಲರೂ ಹಿಗ್ಗುತ್ತಿದ್ದರು. ನಾನು ತಲೆಯೆತ್ತಿ ನೋಡಿದೆ. ಗಾಜಿನ ಆಚೆ ಎಲೆಗಳಿರಲಿಲ್ಲ. ಹಿಂದಿನ ದಿನ ಮಳೆಮರವನ್ನು ಕಡಿದಿದ್ದರು. ಮುದುಕಿಯನ್ನು ಯಾರೋ ಬಂಧುಗಳು ಕರೆದುಕೊಂಡು ಹೋಗಿದ್ದರಂತೆ, ಬಂಗಲೆ ಮಾರಾಟವಾಗಿತ್ತಂತೆ. ಒಂದು ವಾರದಲ್ಲಿ ಹೆಂಚು ಇಳಿದವು, ಇನ್ನೊಂದರಲ್ಲಿ ಗೋಡೆ. ಕಂಬಿಗಳು ನೆಲದಿಂದ ಮೇಲೆದ್ದವು.

ಕೆಲಸದವರು ಯಾದಗಿರಿ, ರಾಯಚೂರು ಕಡೆಯವರು. ವಾಚ್‌ಮನ್‌ನ ಹೆಂಡತಿ ಶರಣಮ್ಮ ಎಂಬವಳು ಸೊಂಟದ ಮೇಲೆ ಕೂಸು, ಕೈಯಲ್ಲಿ ಕೊಡ ಹಿಡಿದು ನಮ್ಮ ಮೆಟ್ಟಿಲ ಬುಡದ ನಲ್ಲಿಗೆ ಬರುತ್ತಿದ್ದಳು. "ಅಕ್ಕಾರ, ಒಂದ್ ಕೊಡ ನೀರ್ ತುಂಬ್ಕೋತೀನ್ರಿ" ಎನ್ನುವಳು. ರೆಹಾನಾ ಕೂಸಿನ ಕೈಗೆ ಬಿಸ್ಕತ್ತು ಕೊಡುತ್ತಿದ್ದಳು. ಆ ಕಟ್ಟಡದ ಮೇಲೆ ನಮಗೆಲ್ಲ ಎಷ್ಟೇ ಸಿಟ್ಟಿದ್ದರೂ ಶರಣಮ್ಮನ ಮೇಲೆ ಯಾರಿಗೂ ಇರಲಿಲ್ಲ.

ಹಗಲೂ ರಾತ್ರಿ ಕೆಲಸ ನಡೆದು ಆಷಾಢದ ಹೊತ್ತಿಗೆ ಕೊನೆಯ ಅಂತಸ್ತಿನ ಕಾಂಕ್ರೀಟ್ ಬಿತ್ತು. ಒಂದು ಬೆಳಿಗ್ಗೆ ಎಲ್ಲರೂ ಚಾಪೆಯ ಮೇಲೆ ಮಲಗಿ ಕಾಲೆತ್ತಿದ್ದಾಗ, ಗಾಜಿನ ಆಚೆಯಿಂದ, ಎತ್ತರದಿಂದ, ಗಂಡಸರ ನಗು ಕೇಳಿಸಿತು. ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ನಕ್ಕಿದ್ದರೇನೋ. ಆದರೆ ಹಾಲಿನೊಳಗೆ ಎತ್ತಿದ ಕಾಲುಗಳೆಲ್ಲ ಒಟ್ಟಿಗೆ ಇಳಿದವು. ಫಿಲೋಮಿನಾ ಟವೆಲನ್ನು ಎದೆಗೆ ಎಳೆದುಕೊಂಡಳು. ಯಾರೋ ಬುರ್ಖಾಗೆ ಕೈ ಹಾಕಿದರು. ಆ ದಿನ ಯಾರೂ ಮತ್ತೆ ಮಲಗಲಿಲ್ಲ.

"ಅವರಿಗೆ ನಾವು ಕಾಣಲ್ಲ" ಎಂದೆ ನಾನು. ಹಾಲನ್ನು ನಡುವೆ ಸೀಳಿದಂತೆ ತೋರಿಸುವ ಅಡ್ಡಕೊಯ್ತದ ನಕ್ಷೆ ಬರೆದು ತಂದು ಗೋಡೆಗೆ ಅಂಟಿಸಿದೆ. ಆ ಕಟ್ಟಡದ ತುತ್ತತುದಿಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಕಣ್ಣಿನಿಂದ ಗಾಜಿನೊಳಕ್ಕೆ ಗೆರೆ ಎಳೆದು ತೋರಿಸಿದೆ. ಗೆರೆ ನಮ್ಮ ತಲೆಗಳ ಮೇಲೆ ಹಾದು ಎದುರು ಗೋಡೆಯ ಮೇಲ್ಭಾಗಕ್ಕೆ ಬಡಿಯುತ್ತಿತ್ತು. "ಇಲ್ಲಿಂದ ಅವರ ಒಂದು ಕೂದಲಾದ್ರೂ ನಮಗೆ ಕಾಣ್ತಿದೆಯಾ? ಇಲ್ಲ ತಾನೇ? ನಮಗೆ ಅವರು ಕಾಣಲ್ಲ ಅಂದ್ರೆ ಅವರಿಗೂ ನಾವು ಕಾಣಲ್ಲ."

ಅವರೆಲ್ಲ ಗೋಡೆಯ ಮೇಲಿನ ನಕ್ಷೆಯನ್ನು ಗೌರವದಿಂದ ನೋಡಿದರು, ದೇವರ ಕ್ಯಾಲೆಂಡರನ್ನು ನೋಡುವಂತೆ. ಫಿಲೋಮಿನಾ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ನಿಮ್ಮ ಗೆರೆ ಕರೆಕ್ಟಾಗೇ ಇರ್ಬಹುದು. ಆದ್ರೆ ಯಾವನಾದ್ರೂ ಕೋಲಿಗೆ ಫೋನ್ ಕಟ್ಟಿ ಎತ್ತಿ ಹಿಡಿದ್ರೆ? ಒಂದೇ ಒಂದು ಫೋಟೋ ಸಾಕು. ನಾನು ಮತ್ತೆ ಕ್ಲಾಸಲ್ಲಿ ನಿಂತ್ಕೊಳ್ಳೋಕಾಗತ್ತಾ?"

ನಾನು ಸಿಟ್ಟಿನಿಂದ ಹೋಗಿ ನಕ್ಷೆಯ ಮೂಲೆಗಳನ್ನು ಗೋಡೆಗೆ ಇನ್ನಷ್ಟು ಒತ್ತಿ ಅಂಟಿಸಿದೆ.

ಶಿವಾಜಿನಗರದವಳು ಒಂದು ಮಾತು ಹೇಳಿದಳು: "ಯಾರಾದ್ರೂ ಅಲ್ಲಿ ಹತ್ತಿ, ನಿಂತು ನೋಡಿ, ಕಾಣಲ್ಲ ಅಂತ ಹೇಳ್ಲಿ. ನಂಬ್ತೀವಿ." ಎಲ್ಲರೂ ಹೌದೆಂದರು. ಆದರೆ ಯಾರು? ಸಲೀಂ ಭಾಯಿ ತಮ್ಮ ಅಂಗಡಿಯವನನ್ನು ಕಳಿಸುತ್ತೇನೆ ಎಂದಾಗ ಹೆಂಗಸರೆಲ್ಲ ಒಂದೇ ದನಿಯಲ್ಲಿ ಬೇಡವೆಂದರು. ಕಂಡುಬಿಟ್ಟರೆ ಅವನೇ ನೋಡಿದಂತಾಗುತ್ತದಲ್ಲ! ಗಂಡಂದಿರನ್ನು ಕಳಿಸಿದರೂ ಅದೇ ಕತೆ. ಒಬ್ಬಳ ಗಂಡ ಉಳಿದವರಿಗೆ ಪರಪುರುಷ. ಇನ್ನು ಗಂಡಸರೇ ತುಂಬಿದ, ಮೆಟ್ಟಿಲಿಗೆ ಕೈಹಿಡಿ ಕೂಡ ಇಲ್ಲದ ಆ ಕಟ್ಟಡಕ್ಕೆ ಯಾವ ಮನೆಯ ಹೆಂಗಸು ಹತ್ತುತ್ತಾಳೆ? ನಾನೇ ಹೋದೆ. ನನ್ನಂಥ ಮುದುಕಿಗೆ ಯಾರು ಏನನ್ನುತ್ತಾರೆ ಎಂಬ ಧೈರ್ಯ. ಗೇಟಿನಲ್ಲೇ ಎಂಜಿನಿಯರ್ ತಡೆದ. "ಸೇಫ್ಟಿ ಪ್ರಾಬ್ಲಂ ಆಗುತ್ತೆ ಮೇಡಂ, ಹೊರಗಿನವ್ರನ್ನ ಬಿಡೋ ಹಾಗಿಲ್ಲ." ಜಗಳವಾಡಿ ನೋಡಿದೆ, ಬೇಡಿಕೊಂಡು ನೋಡಿದೆ. ಅವನು ಫೋನು ಕಿವಿಗಿಟ್ಟುಕೊಂಡು ಬೆನ್ನು ತಿರುಗಿಸಿದ.

ಆ ದಿನಗಳಲ್ಲಿ ರೆಹಾನಾ ಇನ್ನಷ್ಟು ಮೌನಿಯಾದಳು. ನಾನು ವಾದ ಮಾಡುತ್ತಿದ್ದರೆ ಅವಳು ನನ್ನ ಪರವಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಒಂದು ಶನಿವಾರ ಮಾತ್ರ, ಎಲ್ಲರೂ ಹೋದ ಮೇಲೆ, ನೆಲ ಒರೆಸುತ್ತಿದ್ದವಳು ತಲೆಯೆತ್ತದೆ ಹೇಳಿದಳು, "ನಿಮ್ಮ ಗೆರೆ ಸರಿಯಾಗಿದೆ ಆಂಟಿ."

"ಸರಿ ಇದೆ ಅಂತ ನನಗೆ ಗೊತ್ತು. ಅವರಿಗೆ ಹೇಳು!" ಎಂದು ರೇಗಿದೆ. ಅವಳು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದಳು.

ಒಬ್ಬೊಬ್ಬರೇ ಬಿಡತೊಡಗಿದರು. ಎರಡನೆಯ ಬ್ಯಾಚ್ ಮೊದಲು ನಿಂತಿತು. ಮಳೆ ಹಿಡಿದ ಶ್ರಾವಣದ ಮೊದಲ ವಾರ ರೆಹಾನಾ ಹೇಳಿದಳು, "ಗ್ಲಾಸಿಗೆ ಪೇಂಟ್ ಹೊಡೆಸಿಬಿಡ್ತೀನಿ ಆಂಟಿ. ಇರೋರಾದ್ರೂ ಉಳೀಲಿ." ನಾನು ಬೇಡವೆನ್ನಲಿಲ್ಲ. ಪೇಂಟಿನವನು ಹೊರಗಿನಿಂದ ಏಣಿ ಹಾಕಿ ಕಡುನೀಲಿ ಬಳಿಯುತ್ತ ಹೋದ. ಕೆಳಗೆ ಕುಳಿತು ನೋಡುತ್ತಿದ್ದೆ. ಒಂದೊಂದೇ ಗಾಜು ಆರುತ್ತ ಬಂತು. ಕೊನೆಯದು ಆರಿದ ಮೇಲೆ ರೆಹಾನಾ ಸ್ವಿಚ್ಚು ಹಾಕಿದಳು, ಟ್ಯೂಬ್‌ಲೈಟು ಪಟಪಟನೆ ಮಿಟುಕಿ ಹತ್ತಿಕೊಂಡಿತು. ಅಕ್ಕ ಸತ್ತಾಗ ಅಳು ಬಾರದವಳು ನಾನು. ಅಂದು ಮನೆಗೆ ಹೋಗಿ ಅತ್ತೆ.

ಬಣ್ಣ ಬಳಿದರೂ ಯಾರೂ ಉಳಿಯಲಿಲ್ಲ. ಮೊದಲಿನಿಂದಲೂ ಕತ್ತಲಿದ್ದಿದ್ದರೆ ಒಂದಿಬ್ಬರಾದರೂ ಇರುತ್ತಿದ್ದರೇನೋ. ಒಂದು ಬೇಸಿಗೆ ಬೆಳಕಿನಲ್ಲಿ ಕಾಲು ಚಾಚಿದವರಿಗೆ ಮತ್ತೆ ಆ ಗುಹೆ ಹಿಡಿಸಲಿಲ್ಲ. ಗೌರಿ ಹಬ್ಬಕ್ಕೆ ಮೊದಲು ಜಿಮ್ ಮುಚ್ಚಿತು. ಗಂಡನ ಕಾಲದ ಯಂತ್ರಗಳನ್ನು ಟೆಂಪೋಗೆ ಏರಿಸುವಾಗ ರೆಹಾನಾ ಮೆಟ್ಟಿಲ ಮೇಲೆ ನಿಂತು, ಗೋಡೆಗೆ ತಾಗದ ಹಾಗೆ ಇಳಿಸಿ ಎಂದು ಕೂಲಿಯವರಿಗೆ ಹೇಳುತ್ತಿದ್ದಳು. ಬಿಳಿ ಗೋಡೆಗೆ ಕಲೆಯಾಗುತ್ತದೆ ಎಂದು. ನಾನು ಫಿಲೋಮಿನಾಳೊಡನೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ರೆಹಾನಾಳ ಮೇಲೂ ಒಳಗೊಳಗೇ ಕೋಪವಿತ್ತು. ಹಠ ಹಿಡಿದು ನಿಲ್ಲಬೇಕಾಗಿದ್ದವಳೇ ಕೈಚೆಲ್ಲಿದಳಲ್ಲ ಎಂದು.

ಇವೆಲ್ಲ ಆಗಿ ಕೆಲವು ವರ್ಷಗಳಾಗಿವೆ. ಈಗ ನಾನು ನಿಂತಿದ್ದದ್ದು ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ, ಅಂದು ಯಾರಿಗೂ ಹತ್ತಲಾಗದ ಜಾಗದಲ್ಲಿ. ಗಾಜಿನ ಮೇಲಿನ ನೀಲಿ ಬಣ್ಣವನ್ನು ಕೆರೆದು ತೆಗೆದಿದ್ದರು. ಹಾಲು ಈಗ ಗೋಡೌನು; ಬ್ಯಾಗಿನ ಬಣ್ಣ ತಿಳಿಯಬೇಕಲ್ಲ, ಸಲೀಂ ಭಾಯಿ ಮತ್ತೆ ಬಾಗಿಲಿಗೆ ಓಡಾಡುವುದೇಕೆ ಎಂದುಕೊಂಡಿರಬೇಕು. ಕನ್ನಡಕ ಒರೆಸಿಕೊಂಡು ಗಾಜಿನೊಳಕ್ಕೆ ನೋಡಿದೆ. ಎದುರು ಗೋಡೆಯ ಮೇಲಿನ ಬಿಳಿ ಪಟ್ಟಿ ಕಂಡಿತು. ಅದರ ಮೇಲೆ ಫಿಲೋಮಿನಾಳ ಗಡಿಯಾರ ಇನ್ನೂ ತೂಗುತ್ತಿತ್ತು. ಅಷ್ಟೇ. ಬಗ್ಗಿ ನೋಡಿದೆ, ತುದಿಗಾಲಲ್ಲಿ ನಿಂತು ನೋಡಿದೆ, ಕುರ್ಚಿ ಎಳೆದುಕೊಂಡು ಹತ್ತಲು ಹೋಗಿ ಕೌಂಟರಿನ ಹುಡುಗಿಯಿಂದ ಬೈಸಿಕೊಂಡೆ. ಗಡಿಯಾರದ ಕೆಳಗೆ ಏನೂ ಕಾಣಲಿಲ್ಲ. ನೆಲವೂ ಇಲ್ಲ, ಬ್ಯಾಗುಗಳೂ ಇಲ್ಲ. ಆ ಹಾಲಿನಲ್ಲಿ ನೂರು ಹೆಂಗಸರು ಮಲಗಿದ್ದರೂ ಇಲ್ಲಿಂದ ಒಬ್ಬಳ ಹೆಬ್ಬೆರಳೂ ಕಾಣುತ್ತಿರಲಿಲ್ಲ.

ರೆಹಾನಾಳಿಗೆ ಫೋನು ಮಾಡಿದೆ. ಈಗ ಅವಳು ಇಂದಿರಾನಗರದ ಒಂದು ದೊಡ್ಡ ಜಿಮ್ಮಿನಲ್ಲಿ ಹೆಂಗಸರ ಟ್ರೈನರ್. ಮಾಲಿನ ಕೆಳಗೆ, ಪಾರ್ಕಿಂಗಿಗೂ ಕೆಳಗೆ ಇರುವ ಜಿಮ್ ಅದು. ಹಬ್ಬಗಳಿಗೆ ಮಾತಾಡುತ್ತಿದ್ದೆವು. ಹಿಂದೆ ಸಂಗೀತದ ಧಡಧಡ ಕೇಳಿಸುತ್ತಿತ್ತು.

"ರೆಹಾನಾ, ನಾನು ಆ ಬಿಲ್ಡಿಂಗಲ್ಲಿದ್ದೀನಿ. ಮೇಲೆ, ಕಿಟಕಿ ಹತ್ರ. ಏನೂ ಕಾಣಲ್ಲ ಕಣೇ. ಒಂದು ಚೂರೂ ಕಾಣಲ್ಲ!"

ಸಂಗೀತ ದೂರವಾಯಿತು, ಅವಳು ಎಲ್ಲೋ ಮೂಲೆಗೆ ಹೋಗಿರಬೇಕು.

"ಗೊತ್ತು ಆಂಟಿ."

"ಗೊತ್ತು ಅಂದ್ರೆ?"

"ನಾನು ಹತ್ತಿದ್ದೆ. ಆವಾಗ್ಲೇ. ಒಂದು ಶುಕ್ರವಾರ ಮಧ್ಯಾಹ್ನ, ಕೆಲಸದವ್ರು ಊಟಕ್ಕೆ ಕೂತಿದ್ರು. ಶರಣಮ್ಮ ಹಿಂದಗಡೆಯಿಂದ ಕರ್ಕೊಂಡ್ ಹೋದಳು. ಟೆರೇಸ್‌ವರೆಗೂ ಹೋದೆ. ಗಡಿಯಾರ ಕಾಣ್ತು, ಅಷ್ಟೇ. ಅವಳನ್ನೂ ಕೇಳ್ದೆ. ಅವಳೂ ಏನೂ ಕಾಣಲ್ರೀ ಅಕ್ಕಾರ ಅಂದ್ಳು."

ಆ ಶನಿವಾರ, ತಲೆಯೆತ್ತದೆ ನೆಲ ಒರೆಸುತ್ತ ಅವಳು ಹೇಳಿದ ಮಾತು ಈಗ ಕೇಳಿಸಿತು.

"ಮತ್ತೆ ಯಾಕೆ ಹೇಳ್ಲಿಲ್ಲ? ಎಲ್ಲರೂ ಅದನ್ನೇ ತಾನೇ ಕೇಳಿದ್ದು? ಯಾರಾದ್ರೂ ನೋಡಿ ಬಂದು ಹೇಳಿ ಅಂತ?"

"ಏನಂತ ಹೇಳ್ಲಿ ಆಂಟಿ? ಕಾಣಲ್ಲ ಅಂದ್ರೆ, ನಿಂಗೆ ಹೇಗೆ ಗೊತ್ತು ಅಂತಾರೆ. ಹತ್ತಿದ್ದೆ ಅಂದ್ರೆ, ಅಷ್ಟ್ ಜನ ಗಂಡಸರಿರೋ ಕಡೆ, ಶುಕ್ರವಾರ ಮನೆಯವ್ರೆಲ್ಲ ನಮಾಜಿಗೆ ಹೋಗಿರೋವಾಗ, ಒಬ್ಳೇ ಯಾಕೆ ಹೋಗಿದ್ದೆ ಅಂತಾರೆ. ಗಂಡ ಇಲ್ಲದವಳು. ನಂಗೂ ಮಗಳಿದ್ದಾಳಲ್ಲ."

"ನನಗಾದ್ರೂ ಹೇಳ್ಬಹುದಿತ್ತು."

"ನಿಮಗೆ ಹೇಳಿದ್ರೆ ನೀವು ಸುಮ್ನೆ ಇರ್ತಿದ್ರಾ?"

ಇರುತ್ತಿರಲಿಲ್ಲ. ಅದೇ ದಿನ ಹಾಲಿನ ನಡುವೆ ನಿಂತು, ರೆಹಾನಾಳೇ ನೋಡಿ ಬಂದಿದ್ದಾಳೆ ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿ ಹೇಳುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಏನೂ ಕಾಣುವುದಿಲ್ಲ ಎಂಬುದೂ ಗೊತ್ತಿದ್ದೇ, ತಾನೇ ಪೇಂಟಿನವನನ್ನು ಕರೆಸಿದ್ದಳು.

ಒಳಗಿನಿಂದ ನನ್ನ ಹೆಸರು ಕರೆದರು. "ಹೋಗ್ಬೇಕು ಕಣೇ" ಎಂದೆ.

"ಆಂಟಿ, ಒಂದ್ನಿಮಿಷ. ಇನ್ನೂ ಬೆಳಕು ಬೀಳ್ತಿದೆಯಾ ಒಳಗೆ?"

"ಬೀಳ್ತಿದೆ. ಗೋಡೆ ಇನ್ನೂ ಬೆಳ್ಳಗೇ ಇದೆ."

"ಇಲ್ಲಿ ಮಳೆ ಬಂದ್ರೂ ಗೊತ್ತಾಗಲ್ಲ" ಎಂದಳು. ಆಮೇಲೆ ಯಾರೋ ಅವಳನ್ನು ಕರೆದರು, ಬ್ಯಾಚ್ ಬಂದಿದೆ ಎಂದು ಹೇಳಿ ಫೋನು ಇಟ್ಟಳು.